ನೀರಡಿಯ ಬಿಳಿ ಚಿಂದಿ

ವಾರಕ್ಕೆ ಆರು ದಿನ ನಾನು ಕಡಲ್ಗಳ್ಳನಾಗಿದ್ದೆ. ಬೆಳಿಗ್ಗೆ ಎಂಟಕ್ಕೆ ಹೂಮ್ತ್ ಸೂಕ್ ಬಂದರಿನಲ್ಲಿ ಮುಖಕ್ಕೆ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು, ಎಡಗಣ್ಣಿಗೆ ಕಪ್ಪು ಬಟ್ಟೆ ಕಟ್ಟಿ, ಸೊಂಟಕ್ಕೆ ಮರದ ಕತ್ತಿ ಸಿಕ್ಕಿಸಿಕೊಳ್ಳುತ್ತಿದ್ದೆ. ಹೋಟೆಲಿನ ಬಸ್ಸುಗಳು ಬಂದು ನಿಂತಾಗ ಪ್ರವಾಸಿಗರ ದೋಣಿಯ ಹಲಗೆಯ ಮೇಲೆ ಕಾಲು ಅಗಲಿಸಿ ನಿಂತು ಗುರ್ ಅನ್ನಬೇಕು. ಜರ್ಮನಿಯ ಹೆಂಗಸರು ಹೆದರಿದ ಹಾಗೆ ಮಾಡಿ, ಹೆಗಲಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ನಿನ್ಗೆ ಬಣ್ಣನೇ ಬೇಡ ಕಣೋ ಲಸಾದ್. ಮುಖದ ಮೇಲಿರೋ ಸಿಟ್ಟೇ ಸಾಕು," ಅನ್ನುತ್ತಿದ್ದ ವನ್ನಾಸ್. ದೋಣಿಯಲ್ಲಿ ಡೋಲು ಬಾರಿಸುವವನೂ ಅವನೇ, ಮೀನು ಸುಡುವವನೂ ಅವನೇ.

ಸಿಟ್ಟು ಇರದೆ ಏನು? ನಾನು ಶಾಲೆ ಬಿಟ್ಟಿದ್ದು ಹದಿಮೂರಕ್ಕೆ, ಅಪ್ಪನ ಬೇಲಿಗಾಗಿ. ನಮ್ಮ ಕಡೆ ಸಮುದ್ರದಲ್ಲೂ ಹೊಲಗಳಿವೆ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವ ನೀರಿನ ಹೊಲ. ಅಕ್ಟೋಬರ್ ಹೊತ್ತಿಗೆ ಖರ್ಜೂರದ ಗರಿಗಳನ್ನು ಒಂದೊಂದಾಗಿ ಕಡಲ ತಳಕ್ಕೆ ನೆಟ್ಟು ಉದ್ದಕ್ಕೆ ಬೇಲಿ ಕಟ್ಟುತ್ತೇವೆ. ಇಳಿತಕ್ಕೆ ವಾಪಸು ಹೊರಟ ಮೀನು ಬೇಲಿಯ ಗುಂಟ ಬಂದು ಕೊನೆಯಲ್ಲಿರುವ ಕೂಳಿಗೆ, ಅಂದರೆ ಹೆಣೆದ ಬುಟ್ಟಿಬಲೆಗೆ, ಬೀಳುತ್ತದೆ. ಬೇಸಿಗೆ ಬಂದರೆ ಎಲ್ಲವನ್ನೂ ಕಿತ್ತು, ಅಕ್ಟೋಬರಿಗೆ ಮತ್ತೆ ಮೊದಲಿನಿಂದ. ಎಂಟು ವರ್ಷ ಸೊಂಟದ ಮಟ್ಟದ ತಣ್ಣೀರಿನಲ್ಲಿ ನಿಂತು ಗರಿ ನೆಟ್ಟೆ. ಒಂಬತ್ತನೆಯ ವರ್ಷಕ್ಕೆ ಸಾಕಾಯಿತು.

ಜೂನ್‌ನಲ್ಲಿ ಬೇಲಿ ಕಿತ್ತು ಮುಗಿದ ದಿನ ಅಪ್ಪನಿಗೆ ಹೇಳಿದೆ, "ಗರಿ ನೆಟ್ಕೊಂಡು ಮೀನು ಬರುತ್ತೆ ಅಂತ ಕಾಯೋ ಕೆಲ್ಸ ಇನ್ನು ನನ್ನಿಂದ ಆಗಲ್ಲ."

"ಮುಖಕ್ಕೆ ಮಸಿ ಬಳ್ಕೊಂಡು ಕುಣಿಯೋಕಾಗುತ್ತಾ?"

"ಆಗುತ್ತೆ."

"ಹಾಗಾದ್ರೆ ಕುಣಿ, ಹೋಗು."

ಅಷ್ಟೇ. ನಾಲ್ಕು ತಿಂಗಳು ದೋಣಿಯ ಹೊಟ್ಟೆಯಲ್ಲಿ, ಹಗ್ಗದ ಸುರುಳಿಗಳ ಪಕ್ಕ ಮಲಗಿದೆ. ಅಪ್ಪನ ಕಡೆಯಿಂದ ಒಂದು ಮಾತು ಬರಲಿಲ್ಲ. ಬೇಲಿ ನೆಡುವ ಕಾಲ ಬಂತು, ಆಗಲಾದರೂ ಕರೆಯುತ್ತಾನೆ ಅಂದುಕೊಂಡೆ. ಅವನ ಎಡಮೊಣಕಾಲು ಎರಡು ಚಳಿಗಾಲದಿಂದ ಬಾತಿದೆ. ಒಬ್ಬನಿಂದ ಆಗುವ ಕೆಲಸವಲ್ಲ. ಆದರೂ ಕರೆಯಲಿಲ್ಲ.

ಒಂದು ವಿಷಯ ಮಾತ್ರ ನನಗೆ ಧೈರ್ಯವಾಗಿತ್ತು. ಪ್ರತಿ ಮನೆಯವರೂ ತಮ್ಮ ಕೂಳಿಯ ಬಾಯಿಯ ಗಳಕ್ಕೆ ತಮ್ಮ ಬಣ್ಣದ ಚಿಂದಿ ಕಟ್ಟುತ್ತಾರೆ. ನಮ್ಮದು ಹಳದಿ. ಯಾರಾದರೂ ಕಾಯಿಲೆ ಬಿದ್ದರೆ ಅಕ್ಕಪಕ್ಕದ ಬೇಲಿಯವರು ಸೇರಿ ಅವನ ಬೇಲಿ ನೆಡುತ್ತಾರೆ, ಅವನ ಬಣ್ಣದ ಕೆಳಗೆ ಒಂದು ಬಿಳಿ ಚಿಂದಿ ಕಟ್ಟುತ್ತಾರೆ. ಅವನು ಎದ್ದು ಬರುವವರೆಗೆ ಆ ಕೂಳಿಯಲ್ಲಿ ಬಿದ್ದ ಪ್ರತಿಯೊಂದು ಮೀನೂ ಅವನ ಮನೆಗೇ. ಬಿಳಿ ಕಟ್ಟಿದ ಕೂಳಿಯನ್ನು ಹಸಿದು ಸಾಯುತ್ತಿರುವವನೂ ಮುಟ್ಟುವುದಿಲ್ಲ. ಮುಟ್ಟಿದರೆ, ಮುಟ್ಟಿದವನ ಮನೆಗೆ ಮುಂದೆಂದೂ ಬಿಳಿ ಚಿಂದಿ ಇಲ್ಲ. ಪೊಲೀಸರೂ ಇಲ್ಲ, ಕಾಗದವೂ ಇಲ್ಲ, ಅಷ್ಟೇ ಶಿಕ್ಷೆ. ಅಪ್ಪನ ಕಾಲು ಕೈಕೊಟ್ಟರೂ ಆ ಚಿಂದಿ ಇದೆಯಲ್ಲ ಎಂದುಕೊಂಡು ನಾನು ನಿದ್ದೆ ಮಾಡುತ್ತಿದ್ದೆ.

ಮಂಗಳವಾರ ನಮ್ಮ ದೋಣಿಯಲ್ಲಿ ಲೂಟಿಯ ದಿನ. ನಡು ಸಮುದ್ರದಲ್ಲಿ ಮೀನುಗಾರನೊಬ್ಬನ ಕೂಳಿಯನ್ನು ಕಡಲ್ಗಳ್ಳರು ದೋಚುವುದು, ಆ ಮೀನನ್ನೇ ಸುಟ್ಟು ಅತಿಥಿಗಳಿಗೆ ಬಡಿಸುವುದು. ದೋಣಿಯ ಯಜಮಾನ ಮುನ್ಸಿಫ್ ದೂರದ ಸೂಸ್ ಊರಿನವನು, ನಮ್ಮ ಬೇಲಿಗಳ ಕಟ್ಟಳೆ ತಿಳಿಯದವನು; ವಸಂತದಲ್ಲೇ ಮಬ್ರೂಕ್ ಚಿಕ್ಕಪ್ಪನ ಜೊತೆ ಮಾತಾಡಿ ಇದನ್ನು ಗೊತ್ತುಮಾಡಿದ್ದ. ಮಬ್ರೂಕನ ಬೇಲಿ ನಮ್ಮ ಬೇಲಿಯ ಪಕ್ಕದ್ದು, ಅವನ ಚಿಂದಿ ನೀಲಿ. ಬೇಸಿಗೆಯಲ್ಲಿ ಬೇಲಿ ಇಲ್ಲದಾಗಲೂ ಆಟಕ್ಕೆಂದೇ ಒಂದು ಕೂಳಿ ಇಳಿಸಿಡುತ್ತಿದ್ದ. ನಾವು ಕತ್ತಿ ಬೀಸುತ್ತ ಬಂದಾಗ ಅವನು ತನ್ನ ಪುಟ್ಟ ದೋಣಿಯಲ್ಲಿ ಕೂತು ಎದೆ ಬಡಿದುಕೊಂಡು ಅಳುತ್ತಿದ್ದ. ನಮ್ಮೆಲ್ಲರಿಗಿಂತ ಚೆನ್ನಾಗಿ ನಟಿಸುತ್ತಿದ್ದವನು ಅವನೇ.

ಬೇಲಿ ನೆಡುವ ವಾರಗಳಲ್ಲಿ ಆಟ ನಿಂತಿತ್ತು. ಹೊಸ ಬೇಲಿಗಳು ಎದ್ದ ಮೇಲೆ ಅದು ಮೊದಲ ಮಂಗಳವಾರ. ಭರತ ತುಂಬಿತ್ತು. ಎಪ್ಪತ್ತು ಜನ ಅತಿಥಿಗಳು, ತಲೆಗೆ ಕೆಂಪು ಬಟ್ಟೆ. ನೀಲಿ ಚಿಂದಿ ದೂರದಿಂದಲೇ ಕಾಣಿಸಿತು. ಮಬ್ರೂಕನ ದೋಣಿ ಕಾಣಲಿಲ್ಲ.

"ಚಿಕ್ಕಪ್ಪ ಎಲ್ಲಿ?" ಅಂದೆ.

"ಮುದುಕ ಮಲಗಿರ್ಬೇಕು ಬಿಡೋ," ಅಂದ ಮುನ್ಸಿಫ್. "ಮಾತು ಆಗಿರೋದೇ ಅಲ್ವಾ? ಇಳಿ, ಎತ್ತು. ಜನ ಹಸ್ದಿದಾರೆ."

ನೀರಿಗೆ ಹಾರಿದೆ. ಎದೆಮಟ್ಟ ನೀರು. ಗಳ ಹಿಡಿದು, ಕೂಳಿಯ ಹಗ್ಗಕ್ಕೆ ಕೈ ಇಳಿಸಿದೆ. ಬೆರಳಿಗೆ ಒದ್ದೆ ಬಟ್ಟೆ ಸಿಕ್ಕಿತು.

ನೀಲಿಯ ಕೆಳಗೆ ಒಂದು ಮೊಳ, ನೀರಿನೊಳಗೆ ಬಿಳಿ ಚಿಂದಿ. ಇಳಿತದಲ್ಲಿ ಬಂದಿದ್ದರೆ ಊರಿಗೇ ಕಾಣುತ್ತಿತ್ತು. ಪ್ರವಾಸದ ದೋಣಿಗೆ ಆಳ ಬೇಕು, ಅದಕ್ಕೇ ಭರತ ನೋಡಿಯೇ ಬರುತ್ತೇವೆ. ಗಂಟು ತಡವಿ ನೋಡಿದೆ. ಬಲದಿಂದ ಎಡಕ್ಕೆ ಸುತ್ತಿದ ಗಂಟು. ಅಪ್ಪನ ಬಲ ಹೆಬ್ಬೆರಳಿಗೆ ಅರ್ಧ ಗೆಣ್ಣಿಲ್ಲ, ಊರಲ್ಲಿ ಹೀಗೆ ಗಂಟು ಹಾಕುವವನು ಅವನೊಬ್ಬನೇ.

ಬಾತ ಮೊಣಕಾಲು ಇಟ್ಟುಕೊಂಡು ಮಬ್ರೂಕನ ಬೇಲಿಯನ್ನೂ ನೆಟ್ಟಿದ್ದಾನೆ. ಎರಡು ಬೇಲಿ. ಎರಡು ಬೇಲಿ ನೆಡುವಾಗಲೂ ಮಗ ಒಬ್ಬನಿದ್ದಾನೆ ಅಂತ ನೆನಪಾಗಲಿಲ್ಲ ಅವನಿಗೆ.

ಮೇಲೆ ವನ್ನಾಸ್ ಡೋಲು ಬಾರಿಸುತ್ತಿದ್ದ. ಎಪ್ಪತ್ತು ಜನ ಅದೇ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಮುನ್ಸಿಫ್ ಮೈಕಿನಲ್ಲಿ ಫ್ರೆಂಚು, ಜರ್ಮನು, ಎಲ್ಲದರಲ್ಲೂ ಕೂಗುತ್ತಿದ್ದ. ಕೈ ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬೇಕಾದಷ್ಟು ಹೊತ್ತಿತ್ತು. ಯಾರೂ ನನ್ನನ್ನು ತಳ್ಳಲಿಲ್ಲ.

ಎತ್ತಿದೆ.

ಕೂಳಿ ತುಂಬಿತ್ತು. ವನ್ನಾಸ್ ಕೆಂಡದ ಮೇಲೆ ಜಾಲರಿ ಇಟ್ಟು, ಉಪ್ಪು ಎರಚಿ, ಮೀನು ಹರಡಿದ. ಅರ್ಧಕ್ಕರ್ಧ ಸುಟ್ಟಾಗಿತ್ತು, ಆಗ ಬೇಲಿಯ ಆಚೆಯಿಂದ ಅಪ್ಪನ ಚಪ್ಪಟೆ ದೋಣಿ ಬಂತು. ನಿಂತುಕೊಂಡೇ ಗಳ ಹಾಕುತ್ತಿದ್ದ, ಭಾರವೆಲ್ಲ ಬಲಗಾಲಿಗೆ ಬಿಟ್ಟು. ಅತಿಥಿಗಳು ಆಟದ ಮುಂದಿನ ಭಾಗ ಬಂತು ಅಂದುಕೊಂಡರು. ಚಪ್ಪಾಳೆ ಹೊಡೆದರು. ಒಬ್ಬ ದಪ್ಪನೆಯವನು ನಾವು ಹಂಚಿದ್ದ ಪ್ಲಾಸ್ಟಿಕ್ ಚಿನ್ನದ ನಾಣ್ಯಗಳನ್ನು ಅಪ್ಪನ ಮೇಲೆ ಎಸೆದ. ಒಂದು ಅವನ ಟೋಪಿಗೆ ತಗುಲಿ ನೀರಿಗೆ ಬಿತ್ತು. ಅಪ್ಪ ಅತ್ತ ನೋಡಲಿಲ್ಲ.

"ಎತ್ತಿದ್ದು ಯಾರು?"

"ಅಯ್ಯೋ ಹಾಜಿ, ಮಬ್ರೂಕ್ ಜೊತೆ ಮಾತಾಗಿದೆ," ಅಂದ ಮುನ್ಸಿಫ್, ನಗುತ್ತ.

"ಮಬ್ರೂಕ್ ಮಾತಾಡಿ ಹದಿನೈದು ದಿನ ಆಯ್ತು. ಬಾಯಿ ಬಿದ್ದೋಗಿದೆ. ಒಂದು ಕೈನೂ ಆಡಲ್ಲ. ಎತ್ತಿದ್ದು ಯಾರು ಅಂತ ಕೇಳ್ದೆ."

ಕಣ್ಣಿನ ಬಟ್ಟೆ ಕಿತ್ತೆ. "ನಾನು."

ಅಪ್ಪ ನನ್ನನ್ನು ನೋಡಿದ. ನಾಲ್ಕು ತಿಂಗಳಾದ ಮೇಲೆ. ಗಳ ಊರಿ ದೋಣಿ ನಿಲ್ಲಿಸಿದ, ಆಮೇಲೆ ಧ್ವನಿ ಇಳಿಸಿ ಹೇಳಿದ, "ನೀರು ಏರಿತ್ತು. ಚಿಂದಿ ಮುಳುಗಿತ್ತು. ನಿನ್ಗೆ ಕಾಣ್ಲಿಲ್ಲ."

ನಾನು ಕಣ್ಣಿನ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿದೆ.

"ಕಾಣ್ಲಿಲ್ಲ ಅನ್ನು. ನಿನ್ನ ಚಿಕ್ಕಮ್ಮ ಮನ್ನೂಬಿಯಾಗೆ ನಾನು ಹೇಳ್ಕೋತೀನಿ. ಕಾಣ್ದೆ ಆಗಿದ್ದು ತಪ್ಪಲ್ಲ."

ಪಕ್ಕದಲ್ಲಿ ವನ್ನಾಸ್ ಪಿಸುಗುಟ್ಟಿದ, "ಅನ್ನೋ ಮಾರಾಯ. ಒಂದು ಮಾತು, ನಾಲಿಗೆ ಏನ್ ಸವೆಯುತ್ತಾ?"

ಅಪ್ಪ ಒಂದು ದಿನಕ್ಕೂ ಸುಳ್ಳಾಡದ ಮನುಷ್ಯ. ಸಂತೆಯಲ್ಲಿ ಹಳೆ ಮೀನನ್ನು ಹಳೆ ಮೀನು ಅಂತಲೇ ಹೇಳಿ ಮಾರುತ್ತಿದ್ದವನು. ನನಗಾಗಿ ಎಪ್ಪತ್ತು ಜನರ ಮುಂದೆ ಸುಳ್ಳು ಹೆಣೆಯುತ್ತಿದ್ದ. ಇಷ್ಟು ಮಾಡಬಲ್ಲವನು ಬೇಲಿಗೆ ಬಾ ಅಂತ ಒಂದು ಮಾತು ಹೇಳಲಾರದೆ ಹೋದನಲ್ಲ. ಆ ಉರಿಯೇ ಬಾಯಿಗೆ ಬಂತೋ, ಬೇರೇನೋ, ನನಗೆ ಈಗಲೂ ತಿಳಿಯದು.

"ಕೈಗೆ ಸಿಕ್ತು ಅಪ್ಪ. ನಿನ್ನ ಗಂಟು ಅಂತನೂ ಗೊತ್ತಾಯ್ತು. ಗೊತ್ತಿದ್ದೇ ಎತ್ತಿದೆ."

ಅಪ್ಪ ತನ್ನ ದೋಣಿಯನ್ನು ನಮ್ಮ ದೋಣಿಯ ಪಕ್ಕಕ್ಕೆ ತಂದು ತಾಗಿಸಿದ.

"ಬಾ," ಅಂದ. "ಇದನ್ನೇ ಮನ್ನೂಬಿಯಾ ಮುಂದೆ ಹೇಳು."

ಅವನ ದೋಣಿಗೆ ಇಳಿದೆ. ಅತಿಥಿಗಳು ಎದ್ದು ನಿಂತು ಕೈ ಬೀಸಿದರು. ಕಡಲ್ಗಳ್ಳನನ್ನು ಹಿಡಿದುಕೊಂಡು ಹೋಗುವ ಮುದುಕ, ಚೆನ್ನಾಗಿತ್ತು ಅವರಿಗೆ. ಮೀನಿನ ಹೊಗೆ ನಮ್ಮ ಹಿಂದೆಯೇ ಬಹಳ ದೂರ ಬಂತು.

ಮಬ್ರೂಕನ ಹೆಂಡತಿ ಮನ್ನೂಬಿಯಾ ಅಂಗಳದಲ್ಲಿ ಗಂಡನ ಹಾಸಿಗೆ ಬಟ್ಟೆ ಒಣಹಾಕುತ್ತಿದ್ದಳು. ನನ್ನ ಮೀಸೆ ನೋಡಿ ನಗು ತಡೆಯಲಿಲ್ಲ. "ಇದೇನೋ ವೇಷ? ನಿನ್ನ ಚಿಕ್ಕಪ್ಪ ನೋಡಿದ್ರೆ ನಗ್ತಿದ್ದ. ಒಳಗೆ ಬಾ, ತೋರ್ಸು."

"ಇಲ್ಲ ಚಿಕ್ಕಮ್ಮ. ಇಲ್ಲೇ ಹೇಳ್ತೀನಿ."

ಹೇಳಿದೆ. ಅರ್ಧಕ್ಕೇ ಅವಳ ಕೈ ಹಗ್ಗದ ಮೇಲೆ ನಿಂತುಬಿಟ್ಟಿತು. ಮುಗಿದ ಮೇಲೆ ಅವಳು ನನ್ನನ್ನಲ್ಲ, ಅಪ್ಪನನ್ನು ನೋಡಿದಳು.

"ಶಾದ್ಲಿ ಭಾವ, ನೀವು ಇವನನ್ನ ಯಾಕೆ ಕರ್ಕೊಂಡು ಬಂದ್ರಿ? ಕಾಣ್ಲಿಲ್ಲ ಅಂದಿದ್ರೆ ನಾನು ನಂಬ್ತಿದ್ದೆ."

"ನಾನೂ ಹಾಗೇ ಹೇಳ್ದೆ ಅವನಿಗೆ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗಕ್ಕೆ ಹರವಿದಳು. ಒಳಗಿಂದ ಮಬ್ರೂಕ್ ಏನೋ ಗೊರಗೊರ ಅಂದ, ಮಾತಾಗಲಿಲ್ಲ. "ಈಗ ಬೇರೆ ಬೇಲಿಯವರು ಕೇಳ್ತಾರೆ," ಅಂದಳು ಕೊನೆಗೆ. "ಮುಚ್ಚಿಟ್ರೆ ನಾಳೆ ನನ್ನ ಕೂಳಿನೂ ಉಳಿಯಲ್ಲ. ನಿಮ್ಮ ಹಳದಿ ಕೆಳಗೆ ಇನ್ನು ಬಿಳಿ ಕಟ್ಟಲ್ಲ, ಭಾವ. ನಮ್ಮ ಬೇಲಿಗೂ ನೀವಿನ್ನು ಕೈ ಹಾಕ್ಬೇಡಿ."

ಎರಡು ವಾರ ಬಾತ ಕಾಲಲ್ಲಿ ನಿಂತು ನೆಟ್ಟವನಿಗೆ ಆ ಮಾತು. ಅಪ್ಪ ತಲೆಯಾಡಿಸಿದ. ಹೊಸಿಲಿಗೆ ಕೈ ಮುಟ್ಟಿಸಿ ಹಿಂದಿರುಗಿದ.

ಮರುದಿನ ಬೆಳಿಗ್ಗೆ ಬಂದರಿಗೆ ಹೋಗಲಿಲ್ಲ. ಹಳದಿ ಚಿಂದಿಯ ಕಡೆ ಇಬ್ಬರೂ ದೋಣಿ ಹಾಕಿದೆವು. ನಮ್ಮ ಬೇಲಿಯ ಕಾಲು ಭಾಗ ಇನ್ನೂ ಬರಿದಾಗಿತ್ತು. ಅಪ್ಪ ಮೊದಲು ನೆಟ್ಟಿದ್ದು ಮಬ್ರೂಕನದು. ಅಪ್ಪ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ದೋಣಿಯಿಂದಾಚೆ ಹಾಕಲು ಹೋದ.

"ನೀನು ಕೂತ್ಕೋ," ಅಂದೆ. "ಗರಿ ಕೊಡು."

"ಒಬ್ನೇ ಎಷ್ಟು ದಿನ?"

ನಾನು ನೀರಿಗೆ ಇಳಿದೆ. ನೀರು ಚುಚ್ಚುವಷ್ಟು ತಣ್ಣಗಿತ್ತು. ಮೂರು ಸಲ ಸೋಪು ಹಚ್ಚಿ ತಿಕ್ಕಿದ್ದರೂ ಮೀಸೆಯ ಕಾಡಿಗೆ ಪೂರ್ತಿ ಹೋಗಿರಲಿಲ್ಲ. ಪಕ್ಕದ ಬೇಲಿಯಲ್ಲಿ ಬೇರೆ ಯಾರೋ ಇಬ್ಬರು ಅಪ್ಪನ ಗಂಟು ಬಿಚ್ಚಿ, ಅದೇ ಬಿಳಿ ಚಿಂದಿಯನ್ನು ತಮ್ಮ ಗಂಟಿನಲ್ಲಿ ಕಟ್ಟುತ್ತಿದ್ದರು. ನಮ್ಮ ಕಡೆ ತಿರುಗಿ ನೋಡಲಿಲ್ಲ. ಅಪ್ಪ ಒಂದು ಗರಿ ತೆಗೆದು, ಬುಡ ನನ್ನ ಕಡೆ ಮಾಡಿ ಚಾಚಿದ. ನಾನು ಹಿಡಿದುಕೊಂಡೆ.