ಕಿವಿ ಮುಚ್ಚಿ ಇಟ್ಟ ಆಣೆ

ಮನೆಯ ಗೋಡೆಯಾಚೆಯ ಹಳೆಯ ದನದ ಕೊಟ್ಟಿಗೆಯಲ್ಲಿ ಜೋಕಿಯಾ ಬಿಟ್‌ಕಾಯಿನ್ ದುಡಿಯುವ ಇಪ್ಪತ್ತು ಯಂತ್ರಗಳನ್ನು ಇಟ್ಟಿದ್ದ. ಅವು ದುಡಿದದ್ದನ್ನು ಕಣ್ಣಾರೆ ಕಂಡವರಿಲ್ಲ. ಅವುಗಳ ಫ್ಯಾನುಗಳ ಭೋರ್ಗರೆತವನ್ನಂತೂ ಅವನ ಹೆಂಡತಿ ಲಮಾರಾ ಮೂರು ವರ್ಷದಿಂದ ಸಹಿಸಿದ್ದಳು. ತಲೆ ಚಿಟ್ಟು ಹಿಡಿದು ಅತ್ತಾಗ ಗಂಡ ಯಂತ್ರ ನಿಲ್ಲಿಸಲಿಲ್ಲ, ಸದ್ದು ಅಳಿಸುವ ಹೆಡ್‌ಫೋನ್ ತಂದುಕೊಟ್ಟ. ಮಹಾ ಉಪಕಾರಿ!

ಇಂಥ ಯಂತ್ರಗಳು ಕರೆಂಟ್ ಹೀರಿ ಊರಿನ ದೀಪಗಳೆಲ್ಲ ಮಂಕಾದಾಗ ಹಿರಿಯರು ತಮ್ಮ ಬೆಟ್ಟಸೀಮೆ ಸ್ವಾನೇತಿಯ ಹಳೆಯ ಕಟ್ಟಳೆಗೇ ಬಂದರು. ಗಂಡಹೆಂಡಿರು ಇಗರ್ಜಿಗೆ ಬಂದು, ಮಗುವಿನ ತಲೆ ಮುಟ್ಟಿ, ಸಂತ ಜಾರ್ಜನ ಪಟದ ಮುಂದೆ ತಮ್ಮಲ್ಲಿ ಯಂತ್ರ ಇಲ್ಲವೆಂದು ಆಣೆ ಇಡಬೇಕು. ಸುಳ್ಳಾದರೆ ಆ ತಲೆಗೇ ಕೇಡು. ಆಣೆಯಾದ ಮೇಲೆ ಯಾರೂ ಎದುರಾಡುವಂತಿಲ್ಲ.

"ಕೊಟ್ಟಿಗೆ ಅಣ್ಣನ ಹೆಸರಲ್ಲಿದೆ. ನನ್ನ ಜಾಗದಲ್ಲಿ ಯಂತ್ರ ಇಲ್ಲ ಅಂತೀನಿ. ಸತ್ಯ ತಾನೆ?" ಎಂದ ಜೋಕಿಯಾ.

"ನಾನೇನು ಹೇಳ್ಲಿ?"

ಅವನು ಹೆಡ್‌ಫೋನನ್ನು ಅವಳ ಕಿವಿಗೇರಿಸಿದ. "ಈಗ ಫ್ಯಾನ್ ಕೇಳ್ಸುತ್ತಾ?" ಎಂದು ಕಿರುಚಿದ.

"ಇಲ್ಲ."

"ಅಷ್ಟೇ ಹೇಳು ಮಾರಾಯ್ತಿ!"

ಇಗರ್ಜಿಯಲ್ಲಿ ಜೋಕಿಯಾ ತನ್ನ ಆಣೆ ಮುಗಿಸಿದ ಮೇಲೆ ಲಮಾರಾ ಎರಡು ವರ್ಷದ ಮಗಳು ದರಿಕೋಳ ತಲೆ ಮುಟ್ಟಿ, "ನಮ್ಮ ಮನೇಲಿ ನನಗೆ ಫ್ಯಾನಿನ ಸದ್ದು ಕೇಳ್ಸಲ್ಲ" ಎಂದಳು. ಪಟ ಹಿಡಿದಿದ್ದ ಪಕ್ಕದ ಮನೆಯ ತ್ಸಿರಾ ಅಜ್ಜಿ ಅವಳನ್ನು ಒಮ್ಮೆ ನೋಡಿ ಪಟವನ್ನು ಮತ್ತೆ ಗೋಡೆಗೆ ತೂಗುಹಾಕಿದಳು.

ಆಣೆ ಇಟ್ಟು ಬಂದ ಗಳಿಗೆಯಿಂದ ಲಮಾರಾ ಮನೆಯೊಳಗೆ ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದರೆ ಸದ್ದು ಕೇಳುತ್ತದೆ, ಕೇಳಿದರೆ ಆಣೆ ಸುಳ್ಳಾಗುತ್ತದೆ. ದರಿಕೋ "ದೇದಾ, ದೇದಾ" ಎಂದು ಅಮ್ಮನನ್ನು ಕರೆದು ಕರೆದು ಸೋತು, ಬಂದು ಲಂಗ ಜಗ್ಗುತ್ತಿದ್ದಳು. ಮಗಳ ಮುಖ ನೋಡಿಯೇ ಹಸಿವನ್ನು ತಿಳಿಯಬೇಕಾಯಿತು.

ಮರುದಿನ ಮಧ್ಯಾಹ್ನ ಕಿವಿಯೊಳಗೆ ಕುಂಯ್ ಎಂದಿತು. ಬ್ಯಾಟರಿ ಮುಗಿಯುತ್ತಿತ್ತು, ಚಾರ್ಜಿಗೆ ಹಾಕಲು ಕಿವಿಯಿಂದ ತೆಗೆಯಲೇಬೇಕು. ಇದು ಗಂಡನಿಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಮಗುವನ್ನು ಎತ್ತಿಕೊಂಡು, ಹೆಡ್‌ಫೋನ್ ಹಾಕಿಕೊಂಡೇ ಹಿಮ ತುಳಿಯುತ್ತ ತ್ಸಿರಾ ಅಜ್ಜಿಯ ಮನೆಗೆ ಓಡಿ, ಅಲ್ಲಿ ಅದನ್ನು ತೆಗೆದಳು.

"ಅಜ್ಜೀ, ಇದನ್ನ ಸ್ವಲ್ಪ ಚಾರ್ಜಿಗೆ ಹಾಕ್ಲಾ?"

"ಯಾಕೇ, ನಿಮ್ಮನೇಲಿ ಕರೆಂಟ್ ಇಲ್ವಾ?"

"ಇದೆ."

ಅಜ್ಜಿ ತನ್ನ ಮನೆಯ ಮಂಕು ಬಲ್ಬು ನೋಡಿದಳು, ಮಗುವನ್ನು ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು.

"ಹಾಕು. ಎಷ್ಟು ದಿನ ಹೀಗೆ ಬರ್ತೀಯೇ?"

ಲಮಾರಾ ಒಂದು ಕೈಯಲ್ಲಿ ಹೆಡ್‌ಫೋನನ್ನು ಚಾರ್ಜಿಗೆ ಸಿಕ್ಕಿಸಿದಳು. ದರಿಕೋಳ ತಲೆಯ ಮೇಲಿಟ್ಟ ಇನ್ನೊಂದು ಕೈಯನ್ನು ತೆಗೆಯಲು ಅವಳಿಗೆ ಧೈರ್ಯ ಬರಲಿಲ್ಲ.