ಬೇವಿನ ಪೊಟರೆಯ ಡಬ್ಬಿ

ಫೋನಿನ ನಕಾಶೆ ನೋಡಿ ಬಚ್ಚಿಟ್ಟ ಡಬ್ಬಿ ಹುಡುಕುವ ಆಟಕ್ಕೆಂದು ನಸ್ರೀನ ಗದಗಿನಲ್ಲಿ ತಂಡ ಕಟ್ಟಿದ್ದಳು. ಅಸುಂಡಿಯ ಹೊಲವೊಂದರ ಬೇವಿನ ಪೊಟರೆಯಲ್ಲಿ, ಊಟದ ಡಬ್ಬಿಯೊಳಗೆ ಪೀಪಿ ಇಟ್ಟು ಬಂದಳು. ರವಿವಾರ ತಂಡ ತೆರೆದು ನೋಡಿದರೆ ಅದರಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ.

ಹೊಲದೊಡತಿ ಹುಚ್ಚವ್ವ ಕೊರಳಲ್ಲಿ ಪೀಪಿ ತೂಗುಹಾಕಿಕೊಂಡು ಬಂದಳು. "ಯಾರೋ ಬುತ್ತಿ ಡಬ್ಬಿ ಮರತು ಹೋಗ್ಯಾರ ಅಂದ್ಕೊಂಡೆ. ಖಾಲಿ ಡಬ್ಬಿ ಹೆಂಗ ವಾಪಸ್ ಕೊಡೂದವ್ವಾ?"

"ಇದು ಆಟದ್ದರಿ, ಉಣ್ಣೂದಲ್ಲ," ಎಂದು ನಸ್ರೀನ ಸಿಡುಕುವಷ್ಟರಲ್ಲಿ ತಂಡ ಡಬ್ಬಿ ಬರಿದು ಮಾಡಿತ್ತು.

ಮುಂದಿನ ವಾರ ಸಿಟ್ಟಿನಿಂದಲೇ ಡಬ್ಬಿಯನ್ನು ದೂರದ ಬಾಳೆಹೊಸೂರಿನಲ್ಲಿ ಬಚ್ಚಿಟ್ಟು ಕಾದಳು. ಒಂದು ನರಪಿಳ್ಳೆಯೂ ಬರಲಿಲ್ಲ. ಫೋನು ಮಾಡಿದರೆ ತಂಡದ ಅಝೀಮ ಏನನ್ನೋ ಅಗಿಯುತ್ತ ಹೇಳಿದ: "ಹುಡುಕಾಕತ್ತೇವಿ ಅಕ್ಕಾ. ಹುಚ್ಚವ್ವಾರ ಮನಿಯಿಂದ ಮುಂದಕ್ಕ ದಾರಿನ ಸಿಗವಲ್ದು."