ಕೂಸು ನಕ್ಕರೆ ಕೂದಲು ಉದುರುವುದಿಲ್ಲ

ಅಂದಾನೆಪ್ಪನವರ ರೊಟ್ಟಿಯಲ್ಲಿ ಕೂದಲು ಸಿಕ್ಕಿತು. ಒಂದಲ್ಲ, ಎರಡು. ಅವರು ಎರಡನ್ನೂ ಎಳೆದು ತಾಟಿನ ಅಂಚಿಗೆ ಇಟ್ಟು, ತಮ್ಮ ಬೋಳು ತಲೆಯನ್ನೊಮ್ಮೆ ಸವರಿಕೊಂಡರು. ನನ್ನದಂತೂ ಅಲ್ಲ ಎಂದು ಅದರ ಅರ್ಥ. ಅವರ ಹೆಂಡತಿ ಸಿದ್ದಲಿಂಗವ್ವ ಒಲೆಯ ಕಡೆ ನೋಡಿದರು. ಮಗ ಕಳಕೇಶನೂ ಒಲೆಯ ಕಡೆ ನೋಡಿದ. ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಸೊಸೆ ಶಾಂಭವಿ ಮಾತ್ರ ಯಾರ ಕಡೆಗೂ ನೋಡಲಿಲ್ಲ. ತಲೆ ಎತ್ತಿದರೆ ಇನ್ನೆರಡು ಉದುರುತ್ತಿದ್ದವು.

ಅಬ್ಬಿಗೇರಿಯಲ್ಲಿ ಅಂದಾನೆಪ್ಪನವರದು ಹೊಲವೂ ಇದ್ದ, ಕಾಳುಕಡಿ ವ್ಯಾಪಾರವೂ ಇದ್ದ ಮನೆತನ. ಶಾಂಭವಿ ಕೊಣ್ಣೂರಿನ ತವರಿನಲ್ಲಿ ಚೊಚ್ಚಲ ಹೆರಿಗೆ ಮುಗಿಸಿಕೊಂಡು, ಮೂರು ತಿಂಗಳ ಕೂಸು ನೀಲಾಳನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಿದ್ದಳು. ಬಂದ ವಾರದಿಂದಲೇ ಶುರುವಾಯಿತು. ಬಾಚಣಿಗೆಯಲ್ಲಿ ಕೂದಲು, ತಲೆದಿಂಬಿನ ಮೇಲೆ ಕೂದಲು, ಬಚ್ಚಲಿನ ಮೋರಿ ಕಟ್ಟುವಷ್ಟು ಕೂದಲು. ಉದುರಿದ್ದನ್ನು ಸುತ್ತಿ ಗೋಡೆಯ ಮಾಡದಲ್ಲಿ ಇಡುವುದು, ಕೂದಲು ತೂಗಿ ಸ್ಟೀಲಿನ ಡಬ್ಬಿ ಕೊಡುವ ಹೆಂಗಸು ಓಣಿಗೆ ಬಂದಾಗ ಹಾಕುವುದು, ಇದು ಆ ಮನೆಯ ರೂಢಿ. ಈ ಸಲ ಕೂದಲಿನ ಚೀಲ ನೋಡಿ ಆ ಹೆಂಗಸೇ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು, ಯಾರಿಗೇನಾಯಿತು ಎಂದು ಕೇಳಿದಳು.

ಇನ್ನು ಸಲಹೆಗಳು. ಅಯ್ಯೋ, ಕೂದಲಿಗಿಂತ ಅವೇ ಹೆಚ್ಚು ಉದುರಿದವು. ಇದು ಶಾಂಪೂ ಚೀಟಿಯ ಪ್ರತಾಪ, ಸೀಗೆಕಾಯಿ ಬಿಟ್ಟಿರಿ, ಕೆಟ್ಟಿರಿ ಎಂದು ಮಾವ ಅಂದಾನೆಪ್ಪ ಹೇಳಿದರು. ಅವರು ಜೀವಮಾನದಲ್ಲಿ ಶಾಂಪೂ ಮುಟ್ಟಿದವರಲ್ಲ, ತಲೆ ಮಾತ್ರ ಗೋಲಿಯಷ್ಟು ನುಣ್ಣಗಿದೆ. ಕಳಕೇಶ ಮೊಬೈಲಿನಲ್ಲಿ ಜಾಹೀರಾತು ನೋಡಿ ಬಾಟಲಿ ಎಣ್ಣೆ ತರಿಸಿದ. ಹೆಂಡತಿಗೆ ಎರಡು ಹನಿ, ತನ್ನ ನೆತ್ತಿಗೆ ನಾಲ್ಕು ಹನಿ. ಅವನ ಹಣೆ ಎರಡೂ ಕಡೆಯಿಂದ ಮೇಲೇರುತ್ತಿತ್ತು. ಅದಕ್ಕೆ ಅವನು ಹೆಲ್ಮೆಟ್ಟಿನ ಮೇಲೆ ತಪ್ಪು ಹೊರಿಸಿದ್ದ. ಶಾಂಭವಿಯೇನು ಕಡಿಮೆ? ಅವಳು ಅಬ್ಬಿಗೇರಿಯ ಬೋರಿನ ನೀರನ್ನು ಬೈದಳು. ತವರಿನ ಹೊಳೆ ನೀರಿಗೆ ಹೊಂದಿದ ತಲೆ ಸವುಳು ನೀರಿಗೆ ತಾಳೀತೇ ಎಂದಳು.

ಇದೆಲ್ಲ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅತ್ತೆ ಸಿದ್ದಲಿಂಗವ್ವ ಕಂಡುಹಿಡಿದ ಕಾರಣ ಬೇರೆ ಇತ್ತು.

"ಕೂಸು ತಾಯಿ ಮಾರಿ ನೋಡಿ ನಗಾಕ ಹತ್ತೇತಿ. ಅದಕ್ಕ ಉದರಾಕ ಹತ್ಯಾವ," ಎಂದರು ಅವರು. "ನಾಕ ತಿಂಗಳ ಆ ನಗು ತಪ್ಪಿಸು. ಕೂದಲಾ ತಾವ ನಿಲ್ತಾವ."

ಅಂದಿನಿಂದ ಮನೆಯಲ್ಲಿ ಒಂದು ಕಾನೂನು ಬಂತು. ಹಾಲು ಕುಡಿಸುವಾಗ ಕೂಸಿನ ಮುಖದ ಮೇಲೆ ಸೆರಗು. ಕುಡಿದು ಮುಗಿಯುತ್ತಲೇ ಕೂಸು ಅಜ್ಜಿಯ ಕೈಗೆ. ಮಲಗುವುದೂ ಅಜ್ಜಿಯ ಹತ್ತಿರವೇ. ಶಾಂಭವಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದರೆ, ಪಡಸಾಲೆಯಲ್ಲಿ ಕೂಸು ಕೇಕೆ ಹಾಕುವುದು ಕೇಳಿಸುತ್ತಿತ್ತು. ಬಾಯಿಬಿಟ್ಟು ನಗುವ ನಗು, ತವರಿನಲ್ಲಿದ್ದಾಗ ಇನ್ನೂ ಬಂದಿರಲಿಲ್ಲ. ಈಗ ಬಂದಿದೆ. ಮಾವ ನೋಡಿದ್ದಾರೆ, ಗಂಡ ನೋಡಿದ್ದಾನೆ, ಡಬ್ಬಿ ಕೊಡುವ ಹೆಂಗಸೂ ನೋಡಿ ಲಟಿಕೆ ಮುರಿದು ಹೋಗಿದ್ದಾಳೆ. ಎದುರುಮನೆಯ ಸಣ್ಣವ್ವ ಬಂದು, ನಕ್ಕರೆ ಗಲ್ಲದಲ್ಲಿ ಗುಳಿ ಬೀಳುತ್ತದೆ ಎಂದು ಹೇಳಿದಳು. ಹೆತ್ತ ಕೂಸಿಗೆ ಗುಳಿ ಬೀಳುತ್ತದೆ ಎಂಬುದನ್ನು ಶಾಂಭವಿ ಎದುರುಮನೆಯವಳಿಂದ ತಿಳಿಯಬೇಕಾಯಿತು.

ಗಂಡನಿಗೆ ಹೇಳಿದಳು. ಅವ್ವ ಹಿರಿಯಳು, ನಿನ್ನ ಒಳ್ಳೆಯದಕ್ಕೇ ಹೇಳುತ್ತಾಳೆ, ನಾಲ್ಕು ತಿಂಗಳು ತಡೆದುಕೋ ಎಂದ ಅವನು. ಕೂಸಿನ ನಗು ಏನು ಬಾಕಿ ಇಟ್ಟು ಆಮೇಲೆ ತೆಗೆದುಕೊಳ್ಳುವ ಸಾಮಾನೇ? ಶಾಂಭವಿಗೆ ತಲೆ ಚಿಟ್ಟು ಹಿಡಿಯಿತು.

ಅಷ್ಟಕ್ಕೂ ಉದುರುವುದು ನಿಂತಿತೇ? ಎಲ್ಲಿಯದು. ಸಣ್ಣವ್ವ ಇನ್ನೊಂದು ಔಷಧ ಹೇಳಿಕೊಟ್ಟಳು. ಗುಲಗಂಜಿ ಬೀಜ ತೇಯ್ದು ನೆತ್ತಿಗೆ ಹಚ್ಚಬೇಕಂತೆ. ಅದು ವಿಷದ ಬೀಜ ಎಂಬುದು ಕುರಿ ಕಾಯುವವರಿಗೂ ಗೊತ್ತು. ಆದರೂ ಹಚ್ಚಿದರು. ರಾತ್ರಿ ಕಳೆಯುವುದರೊಳಗೆ ನೆತ್ತಿಯ ಮೇಲೆ ಬೊಬ್ಬೆಗಳೆದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಅದು ಇದೇ. ಏಕೆಂದರೆ ಆ ಮನೆಯಲ್ಲಿ ಎಲ್ಲರೂ ತಲೆಯನ್ನು ನೋಡುತ್ತಿದ್ದರು. ಆ ಹೆಣ್ಣುಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವುದನ್ನು, ರೊಟ್ಟಿ ಬಡಿಯುತ್ತ ಕಣ್ಣಿಗೆ ಕತ್ತಲು ಬಂದು ಗೋಡೆ ಹಿಡಿಯುವುದನ್ನು ಯಾರೂ ನೋಡಲಿಲ್ಲ.

ಕೂಸಿಗೆ ಮೂರೂವರೆ ತಿಂಗಳ ಲಸಿಕೆಯ ದಿನ ಬಂತು. ಸಿದ್ದಲಿಂಗವ್ವ ತಾವೇ ಕೂಸನ್ನು ಎತ್ತಿಕೊಂಡು ಮುಂದೆ ನಡೆದರು, ಶಾಂಭವಿ ಹಿಂದೆ. ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ನರ್ಸ್ ಹುಸ್ನಾ. ಕೊಣ್ಣೂರಿನ ಸಾಲೆಯಲ್ಲಿ ಶಾಂಭವಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಹುಸ್ನಾ ಸೂಜಿ ಚುಚ್ಚಿದಳು, ಕೂಸು ಕಿರುಚಿತು. ತಾಯಿಯ ಕೈಗೆ ಕೊಡಿ, ಸುಮ್ಮನಾಗುತ್ತದೆ ಎಂದಳು ಹುಸ್ನಾ. ಸಿದ್ದಲಿಂಗವ್ವ ಕೊಟ್ಟರು. ಆದರೆ ಕೊಡುವ ಮೊದಲು ಶಾಂಭವಿಯ ಸೆರಗು ಎಳೆದು ಕೂಸಿನ ಮುಖ ಮುಚ್ಚಿದರು.

ಈ ಸೆಕೆಯಲ್ಲಿ ಯಾಕೆ ಮುಚ್ಚಿದಿರಿ ಎಂದು ಹುಸ್ನಾ ಕೇಳಿದ್ದೇ ತಡ, ಇಷ್ಟು ದಿನ ತಡೆದದ್ದೆಲ್ಲ ಶಾಂಭವಿಯ ಬಾಯಿಗೆ ಬಂತು.

"ಕೂಸು ನನ್ನ ಮಾರಿ ನೋಡಿ ನಕ್ಕರ ನನ್ನ ಕೂದಲಾ ಉದರತಾವಂತ. ಊರ ಮಂದಿ ಎಲ್ಲಾ ಇದರ ನಗು ನೋಡ್ಯಾರ ಹುಸ್ನಾ. ಹಡದಾಕಿ ನಾ ಒಬ್ಬಾಕಿ ನೋಡಿಲ್ಲ."

ಹುಸ್ನಾಳಿಗೆ ಸಿಟ್ಟು ಮೂಗಿನ ತುದಿಗೆ ಬಂತು. ಎದುರಿಗಿದ್ದವರು ಹಿರಿಯರು, ನುಂಗಿಕೊಂಡಳು. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕೆಂಬುದು ನಿಯಮ. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ತಾನೂ ಸ್ಟೂಲು ಎಳೆದುಕೊಂಡಳು. ಸಿದ್ದಲಿಂಗವ್ವ ಸೋಲುವವರಲ್ಲ. ಎಷ್ಟೋ ಬಾಣಂತಿಯರನ್ನು ನೋಡಿದ್ದೇನೆ, ಕೂಸು ನಗುವುದೂ ಕೂದಲು ಉದುರುವುದೂ ಒಂದೇ ಹೊತ್ತಿಗೆ, ನಾನು ಸುಳ್ಳು ಹೇಳುತ್ತೇನೆಯೇ ಎಂದು ಕೇಳಿದರು.

"ನೀವು ನೋಡಿದ್ದು ಖರೇನ ಐತ್ರಿ ಅವ್ವಾರ," ಎಂದಳು ಹುಸ್ನಾ. "ಎರಡೂ ಒಂದ ಹೊತ್ತಿಗೆ ಬರತಾವ. ಆದ್ರ ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿಹೋತು ಅಂತಾರಲ್ರಿ, ಹಂಗ ಇದು. ಕೂಸು ನಗೂದು ಅದರ ವಯಸ್ಸಿಗೆ. ಕೂದಲಾ ಉದರೂದು ಹೆರಿಗಿ ಆಗಿದ್ದಕ್ಕ."

ಆಮೇಲೆ ಬಿಡಿಸಿ ಹೇಳಿದಳು. ಎಲ್ಲರ ತಲೆಯಿಂದಲೂ ದಿನಾ ಐವತ್ತು ನೂರು ಕೂದಲು ಉದುರುತ್ತವೆ, ಹೊಸವು ಹುಟ್ಟುತ್ತವೆ. ಬಸುರಿಯಿದ್ದಾಗ ಮಾತ್ರ ಉದುರಬೇಕಾದವು ಉದುರದೆ ನಿಂತುಬಿಡುತ್ತವೆ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಅವೆಲ್ಲ ಒಮ್ಮೆಲೇ ಉದುರುತ್ತವೆ. ಕೂಸು ಕೇಕೆ ಹಾಕಿ ನಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಟೈಫಾಯ್ಡ್, ಡೆಂಗಿಯಂಥ ದೊಡ್ಡ ಜ್ವರ ಬಂದು ಹೋದ ಮೇಲೂ ಹೀಗೇ ಉದುರುವುದುಂಟು. ಇದು ರೋಗವಲ್ಲ, ತಿಂಗಳುಗಳು ಕಳೆದಂತೆ ತಾನೇ ನಿಲ್ಲುತ್ತದೆ. ಬೋರಿನ ನೀರಿನ ತಪ್ಪೂ ಅಲ್ಲ ಎಂದು ಗೆಳತಿಯ ಕಡೆ ನೋಡಿ ಹೇಳಿದಳು. ಆದರೆ ಮೈಯಲ್ಲಿ ರಕ್ತ ಕಡಿಮೆಯಿದ್ದರೆ, ಥೈರಾಯ್ಡ್ ತೊಂದರೆಯಿದ್ದರೆ ಉದುರುವುದು ಜಾಸ್ತಿಯಾಗುತ್ತದೆ, ಹೊಸದು ಬರುವುದು ತಡವಾಗುತ್ತದೆ.

ಹೇಳುತ್ತಲೇ ಶಾಂಭವಿಯ ಕೆಳರೆಪ್ಪೆ ಎಳೆದು ನೋಡಿದಳು. ಬಿಳಿಚಿಕೊಂಡಿತ್ತು. ಬೆರಳಿಗೆ ಚುಚ್ಚಿ ರಕ್ತ ಪರೀಕ್ಷೆ ಮಾಡಿದಳು. ಬಹಳ ಕಡಿಮೆ. ಕಬ್ಬಿಣಾಂಶದ ಗುಳಿಗೆ ನುಂಗುತ್ತಿದ್ದೀಯಾ ಎಂದು ಕೇಳಿದರೆ ಶಾಂಭವಿ ನೆಲ ನೋಡಿದಳು. ಮಲ ಕರ್ರಗಾಗುತ್ತದೆ, ಕೂಸಿಗೆ ಕಾವು ಏರುತ್ತದೆ ಎಂದು ತವರಿನಲ್ಲಿ ಅವ್ವ ಬಿಡಿಸಿದ್ದಳು. ಇಲ್ಲಿ ಅತ್ತೆ ಹೌದೆಂದಿದ್ದರು. ಬೀಗತಿಯರಿಬ್ಬರೂ ಜಗಳವಿಲ್ಲದೆ ಒಪ್ಪಿದ ಮಾತು ಅದೊಂದೇ. ಊಟದಲ್ಲಿ ಏನೇನು ಎಂದರೆ ರೊಟ್ಟಿ, ಬೆಳ್ಳುಳ್ಳಿ ಖಾರ, ಮೇಲೊಂದು ಕಪ್ ಚಹಾ. ಹೆಸರುಕಾಳು ತಿಂದರೆ ಕೂಸಿಗೆ ವಾಯು, ಸೊಪ್ಪು ತಿಂದರೆ ಕೂಸಿಗೆ ಹಸಿರು ಭೇದಿ.

"ಪಡಸಾಲಿ ತುಂಬ ಹೆಸರ ಚೀಲ ಇಟ್ಟೀರಿ, ಬಾಣಂತಿಗೆ ಬರೇ ಖಾರ ರೊಟ್ಟಿ ಹಾಕೀರಿ," ಹುಸ್ನಾಳ ದನಿ ಏರಿತು. "ಅವ್ವಾರ, ಎಲ್ಲಾರೂ ತಲಿ ನೋಡಿದ್ರಿ. ತಲಿ ಹೊತ್ತಾಕಿನ್ನ ಯಾರೂ ನೋಡಲಿಲ್ಲಲ್ರಿ."

ಸಿದ್ದಲಿಂಗವ್ವನವರಿಗೆ ಆ ಮಾತು ನಾಟಿತು. ಆದರೂ ಗೊಣಗಿದರು. ಊಟದ ಮಾತು ಇರಲಿ, ನಗುವಿನ ಮಾತು ಹಿರಿಯರು ಹೇಳಿದ್ದು ಎಂದರು. ಆಗ ಹುಸ್ನಾ ಸುಮ್ಮನೆ ಒಂದು ಪ್ರಶ್ನೆ ಕೇಳಿದಳು. ಕಳಕೇಶಣ್ಣನನ್ನು ಹೆತ್ತಾಗ ನಿಮ್ಮ ಕೂದಲು ಉದುರಲಿಲ್ಲವೇ?

ಸಿದ್ದಲಿಂಗವ್ವನವರ ಕೈ ತಾನಾಗಿ ತಮ್ಮ ತುರುಬಿನ ಕಡೆ ಹೋಯಿತು.

"ಉದರಿದ್ವು. ಹಿಡಿ ಹಿಡಿ ಉದರಿದ್ವು." ಮತ್ತೆ ಹೇಳಿದರು, "ನಮ್ಮತ್ತಿ ನನಗೂ ಹಿಂಗ ಸೆರಗ ಮುಚ್ಚಿಸಿದ್ದಳು ತಂಗಿ. ನನ್ನ ಕಳಕೇಶ ಎಳೀ ಕೂಸಿದ್ದಾಗ ಹ್ಯಾಂಗ ನಗತಿದ್ದ ಅಂತ ನನಗ ಗೊತ್ತ ಇಲ್ಲ. ನೋಡಲೂ ಇಲ್ಲ, ಕೂದಲಾ ಉಳೀಲೂ ಇಲ್ಲ."

ಅಷ್ಟು ಹೇಳಿದ ಮೇಲೆ ಅವರಿಗೇ ತಮ್ಮ ಮಾತು ಕೇಳಿಸಿತು. ಬೆಂಚಿನ ಮೇಲೆ ಹತ್ತಿರ ಸರಿದು, ತಾವೇ ಎಳೆದು ಮುಚ್ಚಿದ್ದ ಸೆರಗನ್ನು ತಾವೇ ಸರಿಸಿದರು.

ಕೂಸಿನ ರೆಪ್ಪೆ ಇನ್ನೂ ಹಸಿಯಾಗಿತ್ತು. ಅದು ತಾಯಿಯ ಮುಖವನ್ನು ನೋಡಿತು, ಹಣೆಯ ಕುಂಕುಮ ನೋಡಿತು, ಮತ್ತೆ ಅವಳ ಕಣ್ಣು ನೋಡಿತು. ಆಮೇಲೆ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಿತು. ಬಲಗಲ್ಲದಲ್ಲಿ ಗುಳಿ ಬಿತ್ತು. ಶಾಂಭವಿ ನಗುತ್ತಲೇ ಅತ್ತಳು. ಬಗ್ಗಿದವಳ ಜಡೆಯ ಎಳೆಗಳು ಕೂಸಿನ ಕೈಗೆ ಸಿಕ್ಕವು. ಅದು ಬಲವಾಗಿ ಜಗ್ಗಿತು. ಮುಷ್ಟಿಯಲ್ಲಿ ನಾಲ್ಕಾರು ಕೂದಲು ಉಳಿದವು. ಸಿದ್ದಲಿಂಗವ್ವ ಒಂದೊಂದಾಗಿ ಅವನ್ನು ಬಿಡಿಸಿ ಹೊರಗೆ ಎಸೆದರು. ಗೋಡೆಯ ಮಾಡದಲ್ಲಿ ಇಡಲೆಂದು ಸೆರಗಿನಲ್ಲಿ ಗಂಟು ಹಾಕಿಕೊಳ್ಳಲಿಲ್ಲ.

ಮಾರನೆಯ ದಿನ ಕಳಕೇಶ ಹೆಂಡತಿಯನ್ನು ರೋಣದ ದವಾಖಾನೆಗೆ ಕರೆದೊಯ್ದ. ವೈದ್ಯರು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಅದು ಸರಿಯಾಗಿತ್ತು. ರಕ್ತಹೀನತೆಗೆ ಗುಳಿಗೆ ಬರೆದರು. ಊಟದ ನಂತರ ನಿಂಬೆ ನೀರಿನೊಂದಿಗೆ ನುಂಗಬೇಕು, ಹಿಂದೆ ಮುಂದೆ ಒಂದೆರಡು ತಾಸು ಚಹಾ ಕುಡಿಯಬಾರದು, ಮಲ ಕಪ್ಪಾದರೆ ಹೆದರಬಾರದು ಎಂದರು. ನೆತ್ತಿಯ ಬೊಬ್ಬೆ ನೋಡಿ, ಗುಲಗಂಜಿ ಹಚ್ಚಿದವರಿಗೆ ಸರಿಯಾಗಿ ಬೈದರು. ಕಳಕೇಶ ಅಳುಕುತ್ತಲೇ ತನ್ನ ಹಣೆಯನ್ನೂ ತೋರಿಸಿದ. ಇದು ಅಪ್ಪನಿಂದ ಬಂದ ಬಳುವಳಿ, ಹೆಲ್ಮೆಟ್ಟಿನ ಪಾಪವಲ್ಲ, ಹೆಲ್ಮೆಟ್ ಹಾಕುವುದು ಬಿಡಬೇಡ ಎಂದರು ವೈದ್ಯರು. ಅದಕ್ಕೂ ಔಷಧವಿದೆ, ಆದರೆ ವೈದ್ಯರನ್ನು ಕೇಳಿ ಮಾತ್ರ, ಮೊಬೈಲಿನಲ್ಲಿ ನೋಡಿ ಅಲ್ಲ.

ಮನೆಯಲ್ಲಿ ಹೆಸರಿನ ಚೀಲದ ಬಾಯಿ ಬಿಚ್ಚಿತು. ಮೊಳಕೆ ಕಾಳಿನ ಪಲ್ಯ, ನುಗ್ಗೆ ಸೊಪ್ಪು, ಮೆಂತ್ಯ, ಶೇಂಗಾ ಬೆಲ್ಲ. ಕೂಸಿಗೆ ವಾಯುವೂ ಆಗಲಿಲ್ಲ, ಹಸಿರು ಭೇದಿಯೂ ಆಗಲಿಲ್ಲ. ತಿಂಗಳುಗಳು ಕಳೆದವು. ಶಾಂಭವಿ ಏದುಸಿರಿಲ್ಲದೆ ಮೆಟ್ಟಿಲು ಹತ್ತಿದಳು. ಹಣೆಯ ಅಂಚಿನಲ್ಲಿ ಬೆರಳುದ್ದದ ಹೊಸ ಕೂದಲು ಎದ್ದು ನಿಂತವು. ಎಷ್ಟು ಬಾಚಿದರೂ ಕೂರಲೊಲ್ಲವು. ಒಂದು ದಿನ ಅಂದಾನೆಪ್ಪನವರ ರೊಟ್ಟಿಯಲ್ಲಿ ಮತ್ತೆ ಒಂದು ಕೂದಲು ಸಿಕ್ಕಿತು. ಅವರು ಅದನ್ನು ತಾಟಿನ ಅಂಚಿಗೆ ಎಳೆದಿಟ್ಟು, ಸೊಸೆಯ ಕಡೆ ನೋಡಿ, ನೀನು ಉಂಡೆಯೇನವ್ವ ಎಂದು ಕೇಳಿದರು. ಆ ಮನೆಯಲ್ಲಿ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರದಾದರೂ ಕೂದಲು ಉದುರುತ್ತಿರಬಹುದು. ದಯವಿಟ್ಟು ಮೊದಲು ಅವರ ತಾಟು ನೋಡಿ, ಕಣ್ಣಿನ ರೆಪ್ಪೆ ನೋಡಿ. ಕಂಡಕಂಡ ಎಣ್ಣೆ, ಕಂಡಕಂಡ ಬೀಜ ತಂದು ಆ ತಲೆಯ ಮೇಲೆ ಸುರಿಯಬೇಡಿ. ಹಿಡಿ ಹಿಡಿ ಉದುರಿದರೆ, ಅಲ್ಲಲ್ಲಿ ನಾಣ್ಯದಂತೆ ದುಂಡಗೆ ಬೋಳಾದರೆ, ನೆತ್ತಿ ಕೆರೆತ ಬಂದು ಹುಣ್ಣಾದರೆ, ಸುಸ್ತು ತಲೆಸುತ್ತು ಜೊತೆಗಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಹೆರಿಗೆಯಾದ ಮೇಲೂ ಕಬ್ಬಿಣಾಂಶದ ಗುಳಿಗೆ ಬಿಡಬೇಡಿ. ಕೂದಲು ಹೋದರೆ ಬಹಳಷ್ಟು ಸಲ ಮತ್ತೆ ಬರುತ್ತದೆ. ಕೂಸಿನ ಮೊದಲ ನಗು ಮತ್ತೆ ಬರುವುದಿಲ್ಲ. ಸೆರಗು ಸರಿಸಿ, ಕೂಸನ್ನು ತಾಯಿಯ ಕೈಗೆ ಕೊಡಿ.